ಓಲ್ಡ್ ಟ್ರಾಫರ್ಡ್ ಟ್ರಾಮ್ ನಿಲ್ದಾಣದ ಕಥೆ: 1857ರ ಚಿತ್ರಪ್ರದರ್ಶನದಿಂದ ಇವತ್ತಿನ ಹಳದಿ ಟ್ರಾಮ್‌ವರೆಗೆ

ಉಗಿಬಂಡಿ

ಮ್ಯಾಂಚೆಸ್ಟರ್‌ಗೆ ಕ್ರಿಕೆಟ್ ನೋಡಲು ಬರುವ ನಮ್ಮವರು ಇಳಿಯುವುದು ಓಲ್ಡ್ ಟ್ರಾಫರ್ಡ್ ಟ್ರಾಮ್ ನಿಲ್ದಾಣದಲ್ಲಿ. ಇಳಿದವರ ಕಣ್ಣು ನೇರ ಮೈದಾನದ ಕಡೆ ಹೋಗುತ್ತದೆ, ನಿಲ್ದಾಣವನ್ನು ತಿರುಗಿ ನೋಡುವವರು ಕಡಿಮೆ. ಇದೇ ಮಾರ್ಗದ ಪಕ್ಕದಲ್ಲಿ ಮನೆ ಮಾಡಿಕೊಂಡಿರುವ ನನಗೆ ಇದರ ಕಥೆ ಕನ್ನಡದಲ್ಲಿ ಒಂದು ಕಡೆ ಇರಬೇಕು ಅನ್ನಿಸಿದೆ. ಗೊತ್ತಿದ್ದವರು ಸೇರಿಸುತ್ತಾ ಹೋಗಿ.

ಇವತ್ತು ಮೆಟ್ರೊಲಿಂಕ್ ಟ್ರಾಮ್ ಓಡುವ ಈ ದಾರಿಯಲ್ಲಿ ಮೊದಲ ರೈಲು ಓಡಿದ್ದು 1849ರ ಜುಲೈ 20ರಂದು. ಬೋರಿ ಬಂದರಿನಿಂದ ಠಾಣೆಗೆ ನಮ್ಮ ಮೊದಲ ಪ್ರಯಾಣಿಕರ ರೈಲು ಹೊರಡಲು ಆಗ ಇನ್ನೂ ನಾಲ್ಕು ವರ್ಷ ಬಾಕಿ. ಕಂಪನಿಯ ಹೆಸರು ಮ್ಯಾಂಚೆಸ್ಟರ್ ಸೌತ್ ಜಂಕ್ಷನ್ ಅಂಡ್ ಆಲ್ಟ್ರಿಂಗಮ್ ರೈಲ್ವೆ. ಹೆಸರಲ್ಲೇ ಎರಡು ಕೆಲಸ ಇದೆ. ಒಂದು, ಊರಿನ ದಕ್ಷಿಣ ಅಂಚಿನಲ್ಲಿ 200ಕ್ಕೂ ಹೆಚ್ಚು ಇಟ್ಟಿಗೆ ಕಮಾನುಗಳ ಮೇಲೆ ಹಾದು, ಬೇರೆ ಬೇರೆ ಕಂಪನಿಗಳ ಹಳಿಗಳನ್ನು ಕೂಡಿಸುವ ತುಂಡು ಮಾರ್ಗ. ಇನ್ನೊಂದು, ಅಲ್ಲಿಂದ ಕವಲೊಡೆದು ಸ್ಟ್ರೆಟ್‌ಫರ್ಡ್, ಸೇಲ್, ಟಿಂಪರ್ಲಿ ದಾಟಿ ಆಲ್ಟ್ರಿಂಗಮ್ ಸೇರುವ ಸುಮಾರು ಎಂಟು ಮೈಲಿಯ ಶಾಖೆ. ಈ ಶಾಖೆ ಬಹುದೂರ ಬ್ರಿಡ್ಜ್‌ವಾಟರ್ ಕಾಲುವೆಯ ಪಕ್ಕದಲ್ಲೇ ಸಾಗುತ್ತದೆ. ಟ್ರಾಮಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಕಾಲುವೆಯ ಕಿರಿದಾದ ದೋಣಿಗಳು ಕಾಣುತ್ತವೆ.

1849ರಲ್ಲಿ ಓಲ್ಡ್ ಟ್ರಾಫರ್ಡ್ ಮೈದಾನದ ಬಳಿ ನಿಲ್ದಾಣ ಇರಲಿಲ್ಲ. ಮೈದಾನವೂ ಈಗಿರುವ ಜಾಗದಲ್ಲಿ ಇರಲಿಲ್ಲ. ಎರಡೂ ಬಂದದ್ದು 1857ರಲ್ಲಿ, ಅದೂ ಒಂದೇ ಕಾರಣಕ್ಕೆ. ಆ ವರ್ಷ ಮೇ 5ರಿಂದ ಅಕ್ಟೋಬರ್ 17ರವರೆಗೆ ಇಲ್ಲಿ 'ಆರ್ಟ್ ಟ್ರೆಷರ್ಸ್' ಎಂಬ ಭಾರೀ ಕಲಾಪ್ರದರ್ಶನ ನಡೆಯಿತು. ಶ್ರೀಮಂತರ ಮನೆಗಳಲ್ಲಿದ್ದ ಚಿತ್ರ, ಶಿಲ್ಪ, ಕುಸುರಿ ವಸ್ತು ಎಲ್ಲ ಸೇರಿ ಸುಮಾರು 16,000 ಕೃತಿಗಳು, ಕಬ್ಬಿಣ ಮತ್ತು ಗಾಜಿನ ತಾತ್ಕಾಲಿಕ ಕಟ್ಟಡದಲ್ಲಿ. ಅದಕ್ಕೆ ಬೇಕಾದ ಜಾಗ ಮ್ಯಾಂಚೆಸ್ಟರ್ ಕ್ರಿಕೆಟ್ ಕ್ಲಬ್ಬಿನ ಆಟದ ಬಯಲು. ಕ್ಲಬ್ಬು ಜಾಗ ಬಿಟ್ಟುಕೊಟ್ಟು ಸ್ವಲ್ಪ ದೂರದಲ್ಲಿ ಹೊಸ ಮೈದಾನ ಮಾಡಿಕೊಂಡಿತು. ಅದೇ ಇವತ್ತಿನ ಓಲ್ಡ್ ಟ್ರಾಫರ್ಡ್. ಪ್ರದರ್ಶನಕ್ಕೆ ಬರುವ ಜನಕ್ಕೆಂದು ರೈಲ್ವೆಯವರು ಪಕ್ಕದಲ್ಲೇ ಒಂದು ನಿಲ್ದಾಣ ತೆರೆದರು. ನಮ್ಮ ಟ್ರಾಮ್ ನಿಲ್ದಾಣದ ಮೂಲ ಅದೇ.

13 ಲಕ್ಷಕ್ಕೂ ಹೆಚ್ಚು ಜನ ಬಂದರು. ಅಷ್ಟು ಜನರನ್ನು ಕುದುರೆಗಾಡಿಯಲ್ಲಿ ಕರೆತರಲು ಸಾಧ್ಯವೇ ಇರಲಿಲ್ಲ. ಯಾರ್ಕ್‌ಶೈರ್‌ನ ಗಿರಣಿ ಮಾಲೀಕ ಟೈಟಸ್ ಸಾಲ್ಟ್ ತನ್ನ ಕಾರ್ಮಿಕರನ್ನು ಎರಡೂವರೆ ಸಾವಿರದ ಲೆಕ್ಕದಲ್ಲಿ ವಿಶೇಷ ರೈಲುಗಳಲ್ಲಿ ಕರೆತಂದ. ಪ್ರದರ್ಶನಕ್ಕೆಂದು ಚಾರ್ಲ್ಸ್ ಹ್ಯಾಲೆ ಕಟ್ಟಿದ ವಾದ್ಯವೃಂದ ಮರುವರ್ಷ ಹ್ಯಾಲೆ ಆರ್ಕೆಸ್ಟ್ರಾ ಆಯಿತು, ಈಗಲೂ ನಡೆಯುತ್ತಿದೆ. ಪ್ರದರ್ಶನ ಶುರುವಾಗಿ ಐದನೇ ದಿನಕ್ಕೆ, ಮೇ 10ರಂದು, ಮೀರತ್‌ನಲ್ಲಿ ಸಿಪಾಯಿಗಳು ಬಂಡೆದ್ದರು ಅನ್ನುವುದನ್ನು ಈ ತಾರೀಖು ಓದುವಾಗ ನಮ್ಮ ದೇಶದವರು ಯಾರೂ ಮರೆಯಲಾರರು.

---

ಗೂಗ್ಲಿ_ಮೈಸೂರು

ಸರ್, ಓದಿ ರೋಮಾಂಚನವಾಯಿತು. ಮೈದಾನದ ಹುಟ್ಟಿಗೆ ಚಿತ್ರಪ್ರದರ್ಶನ ಕಾರಣ ಅಂತ ನನಗೆ ಗೊತ್ತೇ ಇರಲಿಲ್ಲ.

ಕರ್ನಾಟಕದವರಿಗೆ ಈ ಜಾಗ ಹತ್ತಿರವಾಗಲು ಇನ್ನೊಂದು ಕಾರಣ ಇದೆ. ಅನಿಲ್ ಕುಂಬ್ಳೆ ಮೊದಲ ಟೆಸ್ಟ್ ಆಡಿದ್ದು ಇಲ್ಲೇ, 1990ರ ಆಗಸ್ಟ್‌ನಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ. ಅದೇ ಪಂದ್ಯದಲ್ಲಿ ಸಚಿನ್ ತೆಂಡೂಲ್ಕರ್ ಮೊದಲ ಟೆಸ್ಟ್ ಶತಕ ಹೊಡೆದು ಪಂದ್ಯ ಉಳಿಸಿದ್ದರಿಂದ ಕುಂಬ್ಳೆ ವಿಷಯ ಹಿಂದೆ ಬಿತ್ತು. 1956ರಲ್ಲಿ ಜಿಮ್ ಲೇಕರ್ ಒಂದೇ ಇನಿಂಗ್ಸ್‌ನಲ್ಲಿ ಹತ್ತೂ ವಿಕೆಟ್ ತೆಗೆದದ್ದೂ ಇದೇ ಮೈದಾನದಲ್ಲಿ. ಟೆಸ್ಟ್‌ನಲ್ಲಿ ಆ ಸಾಧನೆಯನ್ನು ಎರಡನೆಯವರಾಗಿ ಮಾಡಿದವರು 1999ರಲ್ಲಿ ದೆಹಲಿಯಲ್ಲಿ ನಮ್ಮ ಕುಂಬ್ಳೆ. ಲೇಕರ್ ಹತ್ತು ತೆಗೆದ ನೆಲದಲ್ಲೇ ಕುಂಬ್ಳೆ ಶುರು ಮಾಡಿದರು ಅನ್ನೋದು ನನಗೆ ತುಂಬಾ ದೊಡ್ಡ ವಿಷಯ.

1983ರ ವಿಶ್ವಕಪ್ ಸೆಮಿಫೈನಲ್ಲೂ ಇಲ್ಲೇ ಅಲ್ವಾ? ರೋಜರ್ ಬಿನ್ನಿ, ಕಿರ್ಮಾನಿ ಇಬ್ಬರೂ ಆ ತಂಡದಲ್ಲಿದ್ದರು. ಆಗ ಪ್ರೇಕ್ಷಕರು ಯಾವ ರೈಲಿನಲ್ಲಿ ಬರುತ್ತಿದ್ದರು? ಟ್ರಾಮ್ ಇರಲಿಲ್ಲ ತಾನೇ?

---

ಉಗಿಬಂಡಿ

ಇರಲಿಲ್ಲ. 1983ರಲ್ಲಿ, 1990ರಲ್ಲಿ ಇಲ್ಲಿ ನಿಲ್ಲುತ್ತಿದ್ದದ್ದು ಬ್ರಿಟಿಷ್ ರೈಲಿನ ವಿದ್ಯುತ್ ಲೋಕಲ್. ಆಗ ನಿಲ್ದಾಣದ ಹೆಸರೂ ಬೇರೆ: ವಾರಿಕ್ ರೋಡ್.

ಈ ಹೆಸರುಗಳ ವಿಷಯ ಹೊಸಬರನ್ನು ಗೋಳಾಡಿಸುತ್ತದೆ, ಬಿಡಿಸಿ ಹೇಳುತ್ತೇನೆ. 1857ರ ಪ್ರದರ್ಶನ ಮುಗಿದ ಮೇಲೆ ಈ ನಿಲ್ದಾಣಕ್ಕೆ ದಿನನಿತ್ಯದ ಕೆಲಸ ಉಳಿಯಲಿಲ್ಲ. ವಿಶೇಷ ದಿನಗಳಲ್ಲಿ, ಕ್ರಿಕೆಟ್ ಇದ್ದಾಗ ಬಳಕೆ. 1931ರಲ್ಲಿ ಮಾರ್ಗ ವಿದ್ಯುದೀಕರಣವಾದಾಗ ವಾರಿಕ್ ರೋಡ್ ಅನ್ನುವ ಹೆಸರಿನಲ್ಲಿ ಖಾಯಂ ನಿಲ್ದಾಣವಾಯಿತು. ಅದೇ ವರ್ಷ ಡೇನ್ ರೋಡ್ ನಿಲ್ದಾಣವೂ ಬಂತು. ವಿದ್ಯುತ್ ರೈಲು ಬೇಗ ವೇಗ ಹಿಡಿಯುತ್ತದೆ, ಬೇಗ ನಿಲ್ಲುತ್ತದೆ, ಹಾಗಾಗಿ ಹತ್ತಿರ ಹತ್ತಿರ ನಿಲ್ದಾಣ ಮಾಡಿದರೂ ಸಮಯ ಹಾಳಾಗುವುದಿಲ್ಲ. ಅಷ್ಟು ವರ್ಷವೂ 'ಓಲ್ಡ್ ಟ್ರಾಫರ್ಡ್' ಅನ್ನುವ ಹೆಸರು ಇದ್ದದ್ದು ಊರಿನ ಕಡೆಗಿರುವ ಮುಂಚಿನ ನಿಲ್ದಾಣಕ್ಕೆ. 1992ರಲ್ಲಿ ಮೆಟ್ರೊಲಿಂಕ್ ಬಂದಾಗ ಅದನ್ನು ಟ್ರಾಫರ್ಡ್ ಬಾರ್ ಮಾಡಿ, ವಾರಿಕ್ ರೋಡನ್ನು ಓಲ್ಡ್ ಟ್ರಾಫರ್ಡ್ ಮಾಡಿದರು. ಆದ್ದರಿಂದ ಹಳೆಯ ನಕ್ಷೆ ನೋಡುವಾಗ ವರ್ಷ ನೋಡಿಕೊಳ್ಳಿ.

ಪ್ರದರ್ಶನ ನಡೆದ ಜಾಗ ಆಮೇಲೆ ಸಸ್ಯೋದ್ಯಾನಕ್ಕೆ ಸೇರಿತು. 1907ರಲ್ಲಿ ಅದು ವೈಟ್ ಸಿಟಿ ಎಂಬ ಮನರಂಜನಾ ಪಾರ್ಕ್ ಆಯಿತು, ಮುಂದೆ ನಾಯಿಗಳ ಓಟದ ಮೈದಾನ, ಈಗ ಅಂಗಡಿ ಸಾಲು. ಉದ್ಯಾನದ ಹೆಬ್ಬಾಗಿಲು ಮಾತ್ರ ಕಾರು ನಿಲ್ಲಿಸುವ ಜಾಗದ ಎದುರು ಹಾಗೇ ನಿಂತಿದೆ. ನಿಲ್ದಾಣದಿಂದ ನಡೆದೇ ಹೋಗಿ ನೋಡಬಹುದು.

---

ಪೇಢಾ_ನಗರಿ

ನಮಸ್ಕಾರ್ರಿ. ನಾವು ಸೇಲ್‌ನಾಗ ಇರೋದು, ದಿನಾ ಇದ ಟ್ರಾಮ್‌ನಾಗ ಕೆಲಸಕ್ಕ ಹೋಗ್ತೀನಿ. ಮ್ಯಾಂಚೆಸ್ಟರ್ ಅಂದ್ರ ಹತ್ತಿ. ಹತ್ತಿ ಮಾತು ಬಂದ ಮ್ಯಾಲ ಧಾರವಾಡದವ್ರು ಸುಮ್ನ ಹೆಂಗ ಕುಂದ್ರೋದು?

ಉಗಿಬಂಡಿ ಸರ್ 1857 ಅಂತ ಬರದಾರಲ್ಲ, ಅದ ವರ್ಷ ಮ್ಯಾಂಚೆಸ್ಟರ್‌ನಾಗ ಗಿರಣಿಯವ್ರು ಸೇರಿ ಕಾಟನ್ ಸಪ್ಲೈ ಅಸೋಸಿಯೇಶನ್ ಕಟ್ಟಿದ್ರು. ಅಮೆರಿಕಾದ ಹತ್ತಿ ಒಂದನ್ನ ನಂಬಿಕೊಂಡ್ರ ಆಗಂಗಿಲ್ಲ, ಬ್ಯಾರೆ ಕಡಿಂದನೂ ಬರಬೇಕು ಅನ್ನೋದು ಅವ್ರ ಚಿಂತಿ. ಅವ್ರ ಕಣ್ಣು ಬಿದ್ದ ಜಾಗದಾಗ ನಮ್ಮ ಧಾರವಾಡ ಜಿಲ್ಲಾನೂ ಒಂದು. ಅಮೆರಿಕಾದ ಬೀಜ ತಂದು ಬೆಳಸಿದ 'ಧಾರವಾಡ-ಅಮೆರಿಕನ್' ಹತ್ತಿ ಹುಬ್ಬಳ್ಳಿ, ಗದಗ ಕಡೆ ಹೊಲದಾಗ ಚಲೋ ಬರತಿತ್ತು. ಆದ್ರ ಎತ್ತಿನ ಬಂಡಿಯಾಗ ಹೇರಿಕೊಂಡು ಘಟ್ಟಾ ಇಳಿಸಿ ಬಂದರಕ್ಕ ಮುಟ್ಟಿಸೋದು ದೊಡ್ಡ ಸಂಕಟ. ಅದಕ್ಕ ಕಾರವಾರ ಬಂದರ ಮಾಡ್ರಿ, ರಸ್ತೆ ಮಾಡ್ರಿ ಅಂತ ಮ್ಯಾಂಚೆಸ್ಟರ್‌ನವ್ರು ಲಂಡನ್ ಸರ್ಕಾರದ ಬೆನ್ನು ಬಿದ್ರು. 1862ರಾಗ ಉತ್ತರ ಕನ್ನಡ ಜಿಲ್ಲಾನ ಮದ್ರಾಸಿನಿಂದ ತಗದು ಮುಂಬೈ ಪ್ರಾಂತಕ್ಕ ಸೇರಿಸಿದ್ದರ ಹಿಂದ ಈ ಹತ್ತಿ ರಾಜಕಾರಣನೂ ಇತ್ತು.

ಈ ಕಡೆ ಬಂದು ನೋಡಿದ್ರ, ಅದ ಹತ್ತಿ ವ್ಯಾಪಾರದ ರೊಕ್ಕ ಕಟ್ಟಿದ ಮನಿಗೋಳು ಸೇಲ್, ಬ್ರೂಕ್‌ಲ್ಯಾಂಡ್ಸ್, ಆಲ್ಟ್ರಿಂಗಮ್, ಬೌಡನ್ ತುಂಬಾ ಅದಾವ. ಊರಾಗ ಗಿರಣಿ ಹೊಗಿ, ಇಲ್ಲಿ ಗಿಡಾ ಮರ. ಮುಂಜಾನೆ ರೈಲ ಹತ್ತಿ ಗೋದಾಮಿಗೆ ಹೋಗಿ, ಸಂಜಿಗೆ ಹೊಳ್ಳಿ ಬರೋದು. ಬ್ರೂಕ್‌ಲ್ಯಾಂಡ್ಸ್ ನಿಲ್ದಾಣ ಹುಟ್ಟಿದ್ದಂತೂ ಸ್ಯಾಮ್ಯುಯೆಲ್ ಬ್ರೂಕ್ಸ್ ಅನ್ನೋ ಬ್ಯಾಂಕಿನವನ ದೆಸಿಂದ. ಅಂವ ಹೊಲಾ ಕೊಂಡು ಉದ್ದಕ್ಕ ರಸ್ತೆ ಹಾಕ್ಸಿ ಮನಿ ಎಬ್ಬಿಸಾಕ ಹೊಂಟಿದ್ದ, 1859ಕ್ಕ ನಿಲ್ದಾಣ ಆತು. ಟ್ರಾಮ್‌ನಾಗ ಆ ಹೆಸರು ಕೂಗಿದಾಗೆಲ್ಲ ನನಗ ನಮ್ಮ ಕರಿ ಮಣ್ಣಿನ ಹೊಲಾ ನೆನಪಾಗ್ತಾವ. ಈ ದಾರಿಯ ಇತಿಹಾಸ ಹೇಳೋವಾಗ ಹತ್ತಿ ಬಿಡಿಸಿದ ಹೆಣ್ಣುಮಕ್ಕಳ ಕೈನೂ ಲೆಕ್ಕಕ್ಕ ಬರಬೇಕು ಅಂತ ನನ್ನ ಅನಿಸಿಕೆ.

ಇನ್ನೊಂದು. ಶಕ್ತಿಯ ಯೂನಿಟ್ಟಿಗೆ ಯಾರ ಹೆಸರು ಇಟ್ಟಾರೋ ಆ ಜೇಮ್ಸ್ ಜೂಲ್ ಕಡೇಗಾಲದಾಗ ಸೇಲ್‌ನಾಗ ಇದ್ದರು. ಬ್ರೂಕ್‌ಲ್ಯಾಂಡ್ಸ್ ಸ್ಮಶಾನದಾಗ ಅವ್ರ ಸಮಾಧಿ ಕಲ್ಲಿನ ಮ್ಯಾಲ 772.55 ಅಂತ ಕೊರದಾರ, ಶಾಖಕ್ಕೂ ಕೆಲಸಕ್ಕೂ ಇರೋ ಲೆಕ್ಕಾ ಅದು. ಮಕ್ಕಳನ್ನ ಕರ್ಕೊಂಡು ಹೋಗಿ ತೋರಸ್ರಿ.

---

ಉಗಿಬಂಡಿ

ಅಕ್ಕಾರೇ, ಈ ಒಂದು ಬರಹಕ್ಕೇ ನಾನು ಶುರು ಮಾಡಿದ್ದು ಸಾರ್ಥಕ. ಇಲ್ಲಿನ ರೈಲ್ವೆ ಚರಿತ್ರೆಗಳಲ್ಲಿ ವ್ಯಾಪಾರಿಗಳ ಮನೆ ಬರುತ್ತದೆ, ಅವರ ಸರಕು ಯಾವ ಹೊಲದಿಂದ ಬಂತು ಅನ್ನುವುದು ಬರುವುದಿಲ್ಲ.

---

ಓವರ್‌ಹೆಡ್_ಲೈನ್

ನಾನು ರೈಲ್ವೆ ವಿದ್ಯುತ್ ವಿಭಾಗದಲ್ಲಿದ್ದು ನಿವೃತ್ತನಾದವನು, ಈಗ ಹುಬ್ಬಳ್ಳಿಯಲ್ಲಿ ವಾಸ. ಈ ಮಾರ್ಗದ ವಿದ್ಯುತ್ ಕಥೆ ನಮ್ಮ ಕ್ಷೇತ್ರದವರಿಗೆ ಪಾಠದಂತಿದೆ.

1931ರ ಮೇ 11ರಿಂದ ಇಲ್ಲಿ 1500 ವೋಲ್ಟ್ ಡಿಸಿ, ತಲೆಯ ಮೇಲಿನ ತಂತಿಯಿಂದ. ಲಂಡನ್ನಿನ ದಕ್ಷಿಣ ಭಾಗದಲ್ಲೆಲ್ಲ ಗಾಡಿ ಓಡುವ ಜೋಡಿ ಹಳಿಯ ಪಕ್ಕ ಹಾಸಿದ ಮೂರನೇ ಹಳಿಯಿಂದ ಕರೆಂಟು ಕೊಡುತ್ತಿದ್ದ ಕಾಲ ಅದು. ಮ್ಯಾಂಚೆಸ್ಟರಿನಲ್ಲೇ ಉತ್ತರದ ಬರಿ (Bury) ಎಂಬ ಊರಿಗೆ ಹೋಗುವ ಮಾರ್ಗ 1916ರಿಂದ 1200 ವೋಲ್ಟ್‌ನ ಪಕ್ಕಸ್ಪರ್ಶದ (ಗಾಡಿ ಬದಿಯಿಂದ ಮುಟ್ಟಿ ಕರೆಂಟು ಪಡೆಯುವ) ಮೂರನೇ ಹಳಿ ಬಳಸುತ್ತಿತ್ತು, ಅಂಥದ್ದು ಆ ದೇಶದಲ್ಲಿ ಬೇರೆ ಎಲ್ಲೂ ಇರಲಿಲ್ಲ. ಹೀಗೆ ಒಂದೇ ನಗರದಲ್ಲಿ ಉತ್ತರಕ್ಕೊಂದು ಪದ್ಧತಿ, ದಕ್ಷಿಣಕ್ಕೊಂದು ಪದ್ಧತಿ. ಒಂದರ ಗಾಡಿ ಇನ್ನೊಂದರ ಮೇಲೆ ಓಡದು.

ಆಮೇಲೆ ಲಂಡನ್ ಕಡೆಯ ಮುಖ್ಯ ಮಾರ್ಗ 25,000 ವೋಲ್ಟ್ ಎಸಿಗೆ ಹೋಯಿತು. ಆಲ್ಟ್ರಿಂಗಮ್ ಗಾಡಿಗಳು 1500ರಲ್ಲೇ ಉಳಿದವು. ಹಾಗಾಗಿ ಅವು ಮ್ಯಾಂಚೆಸ್ಟರಿನ ಪಿಕಡಿಲಿ ನಿಲ್ದಾಣದವರೆಗೆ ಹೋಗಲಾಗದೆ, ಅದಕ್ಕೂ ಮುಂಚಿನ ನಿಲ್ದಾಣವಾದ ಆಕ್ಸ್‌ಫರ್ಡ್ ರೋಡ್‌ನಲ್ಲೇ ನಿಲ್ಲುವಂತಾಯಿತು. 1971ರಲ್ಲಿ ಈ ಶಾಖೆಯನ್ನೂ 25,000ಕ್ಕೆ ಬದಲಿಸಿ, ಆಲ್ಟ್ರಿಂಗಮ್‌ನಿಂದ ಪಿಕಡಿಲಿ, ಸ್ಟಾಕ್‌ಪೋರ್ಟ್ ದಾಟಿ ಕ್ರೂ (Crewe) ಎಂಬ ಊರಿನವರೆಗೆ ನೇರ ಗಾಡಿ ಬಿಟ್ಟರು. ಕುಂಬ್ಳೆ ಆಡಿದ ಟೆಸ್ಟ್‌ಗೆ ಜನ ಬಂದದ್ದು ಆ ತಂತಿಯಡಿಯಲ್ಲೇ. 1991ರ ಡಿಸೆಂಬರ್ 24ಕ್ಕೆ ಅದೂ ನಿಂತು, 1992ರ ಜೂನ್ 15ರಿಂದ 750 ವೋಲ್ಟ್ ಡಿಸಿಯ ಟ್ರಾಮ್. ಅರವತ್ತೊಂದು ವರ್ಷದಲ್ಲಿ ಒಂದೇ ಹಳಿಗೆ ಮೂರು ವೋಲ್ಟೇಜ್. ಪ್ರತಿ ಸಲವೂ ತಂತಿ, ಇನ್ಸುಲೇಟರ್, ಸಬ್‌ಸ್ಟೇಷನ್, ಗಾಡಿ ಎಲ್ಲ ಹೊಸದು.

750 ಯಾಕೆ ಅಂದರೆ, ಟ್ರಾಮ್ ಊರೊಳಗೆ ಜನರ ಮಧ್ಯೆ ರಸ್ತೆಯಲ್ಲಿ ಓಡಬೇಕು. 25,000 ವೋಲ್ಟ್‌ನ ತಂತಿಗೆ ಬೇಕಾದಷ್ಟು ಅಂತರ ಅಂಗಡಿ ಬೀದಿಯಲ್ಲಿ ಸಿಗುವುದಿಲ್ಲ, ಟ್ರಾನ್ಸ್‌ಫಾರ್ಮರ್ ಹೊತ್ತ ಗಾಡಿ ಭಾರವೂ ಆಗುತ್ತದೆ. ನಮ್ಮ ಮೆಟ್ರೊ ಕೂಡ 750 ಡಿಸಿಯೇ, ಆದರೆ ಮೂರನೇ ಹಳಿಯಲ್ಲಿ. ಮೆಟ್ರೊ ದಾರಿಗೆ ಯಾರೂ ಇಳಿಯುವಂತಿಲ್ಲವಾದ್ದರಿಂದ ಅಲ್ಲಿ ಅದು ಸಾಧ್ಯ.

---

ಯಲಹಂಕ_ಜಂಕ್ಷನ್

ಬೆಂಗಳೂರಿನಿಂದ ಒಂದು ಪ್ರಶ್ನೆ. ಚಲಿಸುತ್ತಿದ್ದ ಒಳ್ಳೆಯ ರೈಲನ್ನು ನಿಲ್ಲಿಸಿ ಟ್ರಾಮ್ ಮಾಡಿದ್ದರಿಂದ ಲಾಭ ಆಯಿತಾ? ಇಲ್ಲಿ ಉಪನಗರ ರೈಲಿಗಾಗಿ ನಾವು ಎಷ್ಟೋ ವರ್ಷ ಮನವಿ, ಸಭೆ, ಹೋರಾಟ ಮಾಡಿದ್ದೇವೆ. 2022ರ ಜೂನ್‌ನಲ್ಲಿ 148 ಕಿಲೋಮೀಟರಿನ ಯೋಜನೆಗೆ ಶಂಕುಸ್ಥಾಪನೆ ಆಯಿತು. ಇರುವ ರೈಲನ್ನು ಕೈಬಿಡುವುದು ಅಂದರೆ ನನ್ನಂಥವನಿಗೆ ಎದೆ ಒಡೆಯುತ್ತದೆ.

---

ಉಗಿಬಂಡಿ

ಕೈಬಿಟ್ಟದ್ದಲ್ಲ ಅನ್ನುವುದೇ ನನ್ನ ವಾದ. ಮ್ಯಾಂಚೆಸ್ಟರಿಗೆ ಒಂದು ಹಳೆಯ ಕೊರತೆ ಇತ್ತು. ಉತ್ತರದ ರೈಲುಗಳು ವಿಕ್ಟೋರಿಯಾದಲ್ಲಿ ನಿಲ್ಲುತ್ತವೆ, ದಕ್ಷಿಣದವು ಪಿಕಡಿಲಿಯಲ್ಲಿ. ನಡುವಿನ ಪೇಟೆಗೆ, ಕಚೇರಿಗಳಿಗೆ ಯಾವುದೂ ಹೋಗುತ್ತಿರಲಿಲ್ಲ. ಎರಡನ್ನೂ ನೆಲದಡಿ ಸುರಂಗದಿಂದ ಸೇರಿಸುವ ಪಿಕ್-ವಿಕ್ ಯೋಜನೆ 1970ರ ದಶಕದಲ್ಲಿ ಸಿದ್ಧವಾಗಿತ್ತು, ದುಡ್ಡು ಸಿಗದೆ ಬಿದ್ದುಹೋಯಿತು. ಆಗ ಹೊಳೆದದ್ದು ಟ್ರಾಮ್. ಬರಿ ಮಾರ್ಗ, ಆಲ್ಟ್ರಿಂಗಮ್ ಮಾರ್ಗ ಎರಡರ ಹಳಿಯನ್ನೂ ಇಟ್ಟುಕೊಂಡು, ನಡುವೆ ರಸ್ತೆಯ ಮೇಲೆ ಹಳಿ ಹಾಸಿ ಬೆಸೆಯುವುದು. 1987ರಲ್ಲಿ ಲಂಡನ್ನಿನ ಡಾಕ್‌ಲ್ಯಾಂಡ್ಸ್ ಹಗುರ ರೈಲಿಗೆಂದು ತಯಾರಾಗಿದ್ದ ಒಂದು ಗಾಡಿಯನ್ನು ಡೆಬ್‌ಡೇಲ್ ಪಾರ್ಕ್ ಬಳಿ ಓಡಿಸಿ ಜನಕ್ಕೆ ತೋರಿಸಿದರು. ಐದು ವರ್ಷಕ್ಕೆ ನಿಜವಾದ ಟ್ರಾಮ್ ಬಂತು.

ದಾರಿ ಬದಲಾದದ್ದು ಊರಿನ ತುದಿಯಲ್ಲಿ. ಮೊದಲು ಆಲ್ಟ್ರಿಂಗಮ್ ರೈಲು ಕಮಾನುಗಳ ಮೇಲೆ ಹಾದು ಆಕ್ಸ್‌ಫರ್ಡ್ ರೋಡ್‌ಗೆ ಹೋಗುತ್ತಿತ್ತು. ಈಗಿನ ಟ್ರಾಮ್ ಕಾರ್ನ್‌ಬ್ರೂಕ್ ದಾಟಿ, ಸೆಂಟ್ರಲ್ ಸ್ಟೇಷನ್ನಿಗೆ ಹೋಗುತ್ತಿದ್ದ ಇನ್ನೊಂದು ಹಳೆಯ ಮೇಲ್ಸೇತುವೆ ಹಿಡಿಯುತ್ತದೆ. ಸೆಂಟ್ರಲ್ 1969ರಲ್ಲೇ ಮುಚ್ಚಿತ್ತು, ಅದರ ಕಮಾನು ಚಾವಣಿಯ ಅಡಿಯಲ್ಲಿ ಈಗ ಸಭಾಂಗಣ ಇದೆ. ಅದರ ಪಕ್ಕದಲ್ಲೇ ಇಳಿಜಾರಿನಲ್ಲಿ ಟ್ರಾಮ್ ರಸ್ತೆಗೆ ಇಳಿದು ಸೇಂಟ್ ಪೀಟರ್ಸ್ ಸ್ಕ್ವೇರ್ ಕಡೆ ಹೋಗುತ್ತದೆ. ಸತ್ತುಹೋಗಿದ್ದ ಒಂದು ಮೇಲ್ಸೇತುವೆಗೂ ಇದರಿಂದ ಜೀವ ಬಂತು. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಅತಿ ಇಷ್ಟವಾದ ಕೆಲಸ ಇದು.

---

ಪೇಢಾ_ನಗರಿ

ಸರ್, ಲಾಭ ಹೇಳಿದ್ರಿ, ನಷ್ಟನೂ ಹೇಳ್ರಿ. ಮೊದ್ಲು ಆಲ್ಟ್ರಿಂಗಮ್‌ನಿಂದ ಸ್ಟಾಕ್‌ಪೋರ್ಟ್‌ಗೆ, ಕ್ರೂಗೆ ಇದ ದಾರಿಲೆ ನೇರ ಹೋಗಬಹುದಿತ್ತು. ಚೆಸ್ಟರ್‌ನಿಂದ ಬರೋ ರೈಲೂ ಸೇಲ್ ಮ್ಯಾಲಿಂದನ ಮ್ಯಾಂಚೆಸ್ಟರ್ ಸೇರತಿತ್ತು. ಈಗ ಅದು ಸ್ಟಾಕ್‌ಪೋರ್ಟ್ ಸುತ್ತಿಕೊಂಡು ಹೋಗ್ತದ. ನಟ್ಸ್‌ಫರ್ಡ್ ಕಡೆ ಇರೋ ಮಂದಿಗೆ ಇದು ಇಷ್ಟು ವರ್ಷ ಆದ್ರೂ ನೋವಿನ ಮಾತ ಐತಿ. ನನ್ನ ಜೋಡಿ ಕೆಲಸ ಮಾಡೋ ವಯಸ್ಸಾದ ಒಬ್ಬರು ಆ ಕಡಿಯವ್ರು, ಅವ್ರು ಹೇಳೋದು ಕೇಳಿದ್ರ ಹೌದಲ್ಲ ಅನಸ್ತದ.

---

ಓವರ್‌ಹೆಡ್_ಲೈನ್

ಅವರ ನೋವು ನ್ಯಾಯವಾದದ್ದೇ. ಆದರೆ ತಾಯಿ, ಇನ್ನೊಂದು ಬದಿಯನ್ನೂ ನೋಡಿ. ಆಲ್ಟ್ರಿಂಗಮ್ ರೈಲು ಹೋಗುತ್ತಿದ್ದ ಕಮಾನುಗಳ ಮೇಲಿನ ಆ ಎರಡು ಹಳಿ ಇವತ್ತು ಕ್ಯಾಸಲ್‌ಫೀಲ್ಡ್ ಕಾರಿಡಾರ್. ಲಿವರ್‌ಪೂಲ್ ಗಾಡಿ, ವಿಮಾನ ನಿಲ್ದಾಣದ ಗಾಡಿ, ಕಂಟೇನರ್ ಗೂಡ್ಸ್ ಎಲ್ಲಕ್ಕೂ ಅದೇ ದಾರಿ. 2019ರಲ್ಲಿ ಅಲ್ಲಿನ ಹಳಿಗಳನ್ನು ನೋಡಿಕೊಳ್ಳುವ ಸಂಸ್ಥೆ ನೆಟ್‌ವರ್ಕ್ ರೈಲ್ ಅದನ್ನು ಅಧಿಕೃತವಾಗಿ ದಟ್ಟಣೆಯ ಮಾರ್ಗ ಎಂದು ಘೋಷಿಸಿತು. ಅದರ ಮೇಲೆ ಹಗಲೆಲ್ಲ ಆರಾರು ನಿಮಿಷಕ್ಕೊಂದು ಆಲ್ಟ್ರಿಂಗಮ್ ಗಾಡಿ ಬಿಡುವುದು ಯಾರಿಂದಲೂ ಆಗುತ್ತಿರಲಿಲ್ಲ. ಟ್ರಾಮ್ ಆದದ್ದರಿಂದಲೇ ಓಲ್ಡ್ ಟ್ರಾಫರ್ಡ್‌ಗೆ ಅಷ್ಟು ಸಲ ಗಾಡಿ ಸಿಗುತ್ತಿದೆ.

ಯಲಹಂಕದವರಿಗೆ ಒಂದು ಮಾತು. ಇದನ್ನು ನೋಡಿ ಬೆಂಗಳೂರಿನ ಹಳಿಯನ್ನೂ ಟ್ರಾಮ್ ಮಾಡಿ ಅನ್ನಲಾಗದು. ನಮ್ಮ ಮಾರ್ಗಗಳಲ್ಲಿ ಎಕ್ಸ್‌ಪ್ರೆಸ್ಸೂ ಗೂಡ್ಸೂ ಓಡುತ್ತವೆ. ಹಗುರ ಟ್ರಾಮನ್ನು ಭಾರೀ ಗಾಡಿಗಳ ನಡುವೆ ಓಡಿಸಲು ಬೇರೆಯೇ ರಕ್ಷಣೆ ಬೇಕು. ಪ್ರತ್ಯೇಕ ಹಳಿ ಹಾಕಿ ಬ್ರಾಡ್‌ಗೇಜ್ ಉಪನಗರ ರೈಲು ಓಡಿಸುವ ಈಗಿನ ಯೋಜನೆಯೇ ನಮಗೆ ಸರಿ. ಆದಷ್ಟು ಬೇಗ ಮುಗಿಯಲಿ.

---

ಯಲಹಂಕ_ಜಂಕ್ಷನ್

ಒಪ್ಪಿದೆ ಸರ್. ಹಾಗಾದರೆ ಮ್ಯಾಂಚೆಸ್ಟರಿನಲ್ಲಿ ಟ್ರಾಮೂ ರೈಲೂ ಒಟ್ಟಿಗೆ ಇರುವ ಜಾಗವೇ ಇಲ್ಲವೇ?

---

ಉಗಿಬಂಡಿ

ಇದೆ, ಇದೇ ಮಾರ್ಗದಲ್ಲಿ. ಟಿಂಪರ್ಲಿ ದಾಟಿದ ಮೇಲೆ ಮೊದಲು ಜೋಡಿ ಹಳಿ ಇತ್ತು. 1992ರ ಹೊತ್ತಿಗೆ ಅದನ್ನು ಹಂಚಿಬಿಟ್ಟರು: ಒಂದು ಹಳಿ ಪೂರ್ತಿ ಟ್ರಾಮ್‌ಗೆ, ಪಕ್ಕದ್ದು ಪೂರ್ತಿ ಚೆಸ್ಟರ್ ರೈಲಿಗೆ. ಎರಡರಲ್ಲೂ ಹೋಗುವುದೂ ಬರುವುದೂ ಅದೇ ಒಂದು ಹಳಿಯಲ್ಲಿ. ನ್ಯಾವಿಗೇಶನ್ ರೋಡ್ ನಿಲ್ದಾಣದಲ್ಲಿ ನಿಂತರೆ ಒಂದು ಪ್ಲಾಟ್‌ಫಾರ್ಮ್‌ನಲ್ಲಿ ಹಳದಿ ಟ್ರಾಮ್, ಎದುರಿನದರಲ್ಲಿ ಡೀಸೆಲ್ ರೈಲು. ಎರಡಕ್ಕೂ ಒಂದೇ ಲೆವೆಲ್ ಕ್ರಾಸಿಂಗ್ ಗೇಟು. ಆಲ್ಟ್ರಿಂಗಮ್‌ನಲ್ಲೂ ಟ್ರಾಮ್ ಇಳಿದು ಅಲ್ಲೇ ರೈಲು ಹತ್ತಬಹುದು. ಹೊರಗಿನ ಗಡಿಯಾರ ಗೋಪುರ 1880ರದ್ದು, ಹಾಗೇ ಉಳಿಸಿದ್ದಾರೆ.

ಇಲ್ಲಿ ಟ್ರಾಮ್‌ಗಳ ನೆಲ ಇಷ್ಟು ಎತ್ತರ ಇರುವುದಕ್ಕೂ ಹಳೆಯ ರೈಲೇ ಕಾರಣ. ಬೇರೆ ಎಷ್ಟೋ ಊರುಗಳಲ್ಲಿ ಟ್ರಾಮ್ ಅಂದರೆ ಫುಟ್‌ಪಾತಿನಿಂದ ಕಾಲೆತ್ತಿ ಇಟ್ಟರೆ ಒಳಗೆ. ಮ್ಯಾಂಚೆಸ್ಟರಿನಲ್ಲಿ ರೈಲಿನ ಕಾಲದ ಎತ್ತರದ ಪ್ಲಾಟ್‌ಫಾರ್ಮ್‌ಗಳನ್ನು ಉಳಿಸಿಕೊಂಡರು, ಹಾಗಾಗಿ ಊರ ನಡುವಿನ ರಸ್ತೆಯಲ್ಲೂ ಎತ್ತರದ ಕಟ್ಟೆ ಕಟ್ಟಬೇಕಾಯಿತು. ಬೀದಿಯ ಚೆಂದ ಕೆಟ್ಟಿತು ಅನ್ನುವವರಿದ್ದಾರೆ. ಗಾಲಿಕುರ್ಚಿಯವರು, ಮಗುವಿನ ಗಾಡಿ ತಳ್ಳುವವರು ಎಲ್ಲ ನಿಲ್ದಾಣದಲ್ಲೂ ಸಮಮಟ್ಟದಲ್ಲಿ ಹತ್ತುವುದನ್ನು ನೋಡುವಾಗ ನನಗೆ ಆ ನಿರ್ಧಾರ ಸರಿ ಅನ್ನಿಸುತ್ತದೆ.

---

ಗೂಗ್ಲಿ_ಮೈಸೂರು

ಅಪ್ಪನನ್ನು ಕರೆದುಕೊಂಡು ಮುಂದಿನ ಬೇಸಿಗೆಗೆ ಬರುವ ಆಸೆ ಇದೆ. 2025ರ ಜುಲೈ ಟೆಸ್ಟ್‌ನಲ್ಲಿ ರಾಹುಲ್ 90 ಹೊಡೆದದ್ದನ್ನು ಇಬ್ಬರೂ ಟಿವಿಯಲ್ಲೇ ನೋಡಿದೆವು. ಅವರಿಗೆ ಮಂಡಿ ನೋವು, ಹೆಚ್ಚು ನಡೆಯಲಾರರು. ಫುಟ್‌ಬಾಲ್ ಮೈದಾನವೂ ಓಲ್ಡ್ ಟ್ರಾಫರ್ಡೇ ಅಂತಾರೆ, ತಪ್ಪು ಜಾಗದಲ್ಲಿ ಇಳಿಯುವ ಭಯ.

---

ಉಗಿಬಂಡಿ

ಖಂಡಿತ ಕರೆದುಕೊಂಡು ಬನ್ನಿ. ಕ್ರಿಕೆಟ್‌ಗೆ ಆಲ್ಟ್ರಿಂಗಮ್ ಟ್ರಾಮ್ ಹತ್ತಿ ಓಲ್ಡ್ ಟ್ರಾಫರ್ಡ್‌ನಲ್ಲಿ ಇಳಿಯಿರಿ, ಮೈದಾನ ಪಕ್ಕದಲ್ಲೇ. ಫುಟ್‌ಬಾಲ್ ಮೈದಾನ ಅಲ್ಲಿಂದ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಅದಕ್ಕೆ 2020ರಲ್ಲಿ ಶುರುವಾದ ಟ್ರಾಫರ್ಡ್ ಪಾರ್ಕ್ ಮಾರ್ಗದ ವಾರ್ಫ್‌ಸೈಡ್ ನಿಲ್ದಾಣವೂ ಇದೆ. ಟ್ರಾಫರ್ಡ್ ಬಾರ್‌ನಲ್ಲಿ ಮಾತ್ರ ಎಚ್ಚರ: ಈಸ್ಟ್ ಡಿಡ್ಸ್‌ಬರಿಗೂ ವಿಮಾನ ನಿಲ್ದಾಣಕ್ಕೂ ಹೋಗುವ ಟ್ರಾಮ್‌ಗಳು ಅಲ್ಲಿಂದ ಕವಲೊಡೆಯುತ್ತವೆ, ಆ ಟ್ರಾಮ್ ಹತ್ತಿದ್ದರೆ ಅಲ್ಲೇ ಇಳಿದು ಆಲ್ಟ್ರಿಂಗಮ್ ಟ್ರಾಮ್‌ಗೆ ಬದಲಾಯಿಸಿ. ವಿಮಾನ ನಿಲ್ದಾಣದಿಂದ ನೇರ ಬರುವುದಾದರೂ ಟ್ರಾಫರ್ಡ್ ಬಾರ್‌ನಲ್ಲೇ ಬದಲಾಯಿಸಬೇಕು. ಪಂದ್ಯ ಮುಗಿದ ಕೂಡಲೇ ಎಲ್ಲರೂ ಒಮ್ಮೆಲೇ ನಿಲ್ದಾಣಕ್ಕೆ ನುಗ್ಗುತ್ತಾರೆ, ಅಪ್ಪನನ್ನು ಅರ್ಧ ಗಂಟೆ ಒಳಗೇ ಕೂರಿಸಿಕೊಂಡು ಆಮೇಲೆ ಹೊರಡಿ. ದಿನ ಗೊತ್ತಾದ ಮೇಲೆ ಇಲ್ಲೇ ತಿಳಿಸಿ.

---

ಪೇಢಾ_ನಗರಿ

ಊಟಕ್ಕ ನಮ್ಮ ಮನಿಗೇ ಬರ್ರಿ ತಮ್ಮಾ. ಓಲ್ಡ್ ಟ್ರಾಫರ್ಡ್‌ನಿಂದ ಅದ ಟ್ರಾಮ್‌ನಾಗ ಮುಂದ ಸ್ಟ್ರೆಟ್‌ಫರ್ಡ್, ಡೇನ್ ರೋಡ್, ಆಮ್ಯಾಲ ಸೇಲ್. ನಿಲ್ದಾಣದಿಂದ ಮನಿ ಹತ್ರ ಐತಿ, ಅಪ್ಪಾವ್ರಿಗೆ ನಡಿಯೋದು ಕಷ್ಟ ಆಗಂಗಿಲ್ಲ. ಜ್ವಾಳದ ರೊಟ್ಟಿ ಮಾಡಿರ್ತೀನಿ.